ಹನ್ನೆರಡನೆಯವಳು

ಪುಟ್ಟಕ್ಕ ತಾನಾಗಿ ಸ್ನಾನ ಮಾಡಿಕೊಳ್ಳಲಾರಳು ಎಂದು ಬರೆದು ಇಬ್ಬರು ಸಹಿ ಹಾಕಿದರು. ಆ ದಿನ ಬೆಳಿಗ್ಗೆ ಅವಳು ಹನ್ನೊಂದು ಜನಕ್ಕೆ ಸ್ನಾನ ಮಾಡಿಸಿ ಬಂದಿದ್ದಳು.

ಬರೆದದ್ದು ಚಿತ್ರದುರ್ಗದಲ್ಲಿ, ಒಂದು ಕಲ್ಯಾಣ ಮಂಟಪದಲ್ಲಿ ಹಾಕಿದ್ದ ಅಂಗವಿಕಲರ ತಪಾಸಣಾ ಶಿಬಿರದಲ್ಲಿ. ವ್ಯಾನಿನಲ್ಲಿ ಹೋಗುವಾಗಲೇ ನಿಲಯ ನಡೆಸುವ ಸರ್ವಮಂಗಳ ಮೇಡಂ ಹೇಳಿಕೊಟ್ಟಿದ್ದರು.

"ನೋಡು, ಡಾಕ್ಟ್ರು ಏನ್ ಕೇಳಿದ್ರೂ ಬಾಯಿ ಬಿಡ್ಬ್ಯಾಡ. ನೆಲ ನೋಡ್ಕಂಡು ಕುಂತಿರು. ಜಾಣೆ ಅಲ್ವಾ ನೀನು?"

ಪುಟ್ಟಕ್ಕ ನೆಲ ನೋಡಿಕೊಂಡು ಕುಳಿತಳು. ಡಾಕ್ಟರು ಹೆಸರು ಕೇಳಿದರು. ಹೇಳಲಿಲ್ಲ. ಬಣ್ಣದ ಮರದ ತುಂಡುಗಳನ್ನು ಮುಂದಿಟ್ಟು ಜೋಡಿಸು ಎಂದರು. ಕೆಂಪು ತುಂಡು ಚೆನ್ನಾಗಿತ್ತು, ಕೈಗೆತ್ತಿಕೊಳ್ಳಬೇಕು ಅನ್ನಿಸಿತು. ಎತ್ತಿಕೊಳ್ಳಲಿಲ್ಲ. ಉಳಿದದ್ದಕ್ಕೆಲ್ಲ ಮೇಡಮ್ಮೇ ಉತ್ತರ ಕೊಟ್ಟರು. ಸ್ನಾನ? ನಾವೇ ಮಾಡಿಸಬೇಕು ಸಾರ್. ಊಟ? ತಿನ್ನಿಸಬೇಕು ಸಾರ್. ಹೊರಗೆ ಮಕ್ಕಳನ್ನು ಹೆಗಲ ಮೇಲೆ ಹೊತ್ತ ಅಪ್ಪಂದಿರ ಸಾಲು ರಸ್ತೆಯವರೆಗೆ ಇತ್ತು. ಡಾಕ್ಟರು ನಾಲ್ಕು ನಿಮಿಷ ನೋಡಿದರು. ಬುದ್ಧಿಮಾಂದ್ಯತೆ ಶೇಕಡಾ ತೊಂಬತ್ತು. ತೀವ್ರ. ಮುಂದಿನವರು ಬರ್ರಿ.

ವಾಪಸು ಬರುವಾಗ ಐಮಂಗಲದಲ್ಲಿ ವ್ಯಾನು ನಿಲ್ಲಿಸಿ ಮೇಡಂ ಅವಳಿಗೆ ಎರಡು ಬಾಳೆಹಣ್ಣು ಕೊಡಿಸಿದರು.

ನಿಲಯಕ್ಕೊಂದು ಉದ್ದನೆಯ ಹೆಸರಿದೆ. ಗೇಟಿನ ಕಮಾನಿನ ಮೇಲೆ ದಾನಿಗಳ ಹೆಸರುಗಳ ನಡುವೆ ಅದನ್ನು ಹುಡುಕಿಕೊಳ್ಳಬೇಕು. ಹಿರಿಯೂರು ದಾಟಿ ಜವನಗೊಂಡನಹಳ್ಳಿ ಕಡೆ ಹೋಗುವಾಗ ಹೆದ್ದಾರಿ ಬಿಟ್ಟು ಒಳಕ್ಕೆ ಒಂದು ಮೈಲಿ. ಬುದ್ಧಿ ಬೆಳೆಯದ ಹೆಣ್ಣುಮಕ್ಕಳನ್ನು ತಂದು ಬಿಡುವ ಜಾಗ. ಹೊಸದುರ್ಗದ ಕಡೆಯ ಹಳ್ಳಿಯಿಂದ ಚಿಕ್ಕಪ್ಪ ಸಣ್ಣಪ್ಪ ಪುಟ್ಟಕ್ಕನನ್ನು ತಂದು ಬಿಟ್ಟಾಗ ಅವಳಿಗೆ ಹದಿನಾಲ್ಕು. ತಾಯಿ ಸತ್ತು ತಿಂಗಳಾಗಿತ್ತು. ಸಂಕ್ರಾಂತಿಗೆ ಬಂದು ಕರೆದುಕೊಂಡು ಹೋಗುತ್ತೇನೆ ಎಂದಿದ್ದ. ಈಗ ಅವಳಿಗೆ ಇಪ್ಪತ್ತನಾಲ್ಕು.

ಪುಟ್ಟಕ್ಕನ ಬುದ್ಧಿ ನಿಧಾನ. ಅದು ಸುಳ್ಳಲ್ಲ. ಓದು ಹತ್ತಲಿಲ್ಲ. ವಾರದ ಹೆಸರುಗಳು ಕಲಸಿಹೋಗುತ್ತವೆ. ಮಾತು ಬಾಯಿಗೆ ಬರುವಷ್ಟರಲ್ಲಿ ಕೇಳಿದವರು ಎದ್ದು ಹೋಗಿರುತ್ತಾರೆ. ಆದರೆ ನಿಲಯದ ಹುಡುಗಿಯರಲ್ಲಿ ಯಾರಿಗೆ ಮೂರ್ಛೆ ಬರುವ ಮುಂಚೆ ಎಡಗಣ್ಣು ಅದುರುತ್ತದೆ, ಯಾರು ಗುಳಿಗೆಯನ್ನು ಕೆನ್ನೆಯೊಳಗಿಟ್ಟುಕೊಂಡು ಆಮೇಲೆ ಉಗಿಯುತ್ತಾರೆ, ಯಾರು ಮುಟ್ಟಿನ ಹೊಟ್ಟೆನೋವಿಗೆ ತಲೆಯನ್ನು ಗೋಡೆಗೆ ಚಚ್ಚಿಕೊಳ್ಳುತ್ತಾರೆ, ಎಲ್ಲ ಅವಳಿಗೆ ಗೊತ್ತು. ಯಾರೂ ಕಲಿಸಿದ್ದಲ್ಲ. ಕೆಲಸ ಕಲಿಸಿದ್ದು.

ಬೆಳಿಗ್ಗೆ ಐದಕ್ಕೆ ಹಂಡೆಯ ಕೆಳಗೆ ಉರಿ ಹಾಕಬೇಕು. ರಾತ್ರಿ ಒದ್ದೆಯಾದ ಹಾಸಿಗೆ ಎಳೆದು ಬಿಸಿಲಿಗೆ ಹಾಕಬೇಕು. ಹುಡುಗಿಯರನ್ನು ಒಬ್ಬೊಬ್ಬರನ್ನೇ ಎಬ್ಬಿಸಿ, ನಡೆಯುವವರನ್ನು ನಡೆಸಿ, ನಡೆಯದವರನ್ನು ಎತ್ತಿ ತಂದು ಬಚ್ಚಲ ನೆಲದ ಮೇಲೆ ಸಾಲಾಗಿ ಕೂರಿಸಬೇಕು. ಹೇಲು ತೊಳೆಯಬೇಕು. ನೆತ್ತರು ತೊಳೆಯಬೇಕು. ಒರೆಸಿ, ಪೌಡರ್ ಹಾಕಿ, ಬಟ್ಟೆ ತೊಡಿಸಿ, ಹೇನು ನೋಡಿ, ಜಡೆ ಹಾಕಬೇಕು. ಆಮೇಲೆ ಆ ಬಟ್ಟೆಗಳನ್ನೆಲ್ಲ ಕಲ್ಲಿಗೆ ಬಡಿಯಬೇಕು. ಪುಟ್ಟಕ್ಕನ ಬೆರಳ ಸಂದು ನೀರು ತಿಂದು ಬೆಳ್ಳಗೆ ಬಿರಿದಿತ್ತು. ಸೋಪು ತಗುಲಿದರೆ ಉರಿ. ಮುದ್ದೆ ತಿನ್ನುವಾಗ ಸಾರು ತಗುಲಿದರೆ ಇನ್ನೂ ಉರಿ.

ಈ ಕೆಲಸಕ್ಕೆ ಇಬ್ಬರು ಆಯಾಗಳಿರಬೇಕು. ಒಬ್ಬಳು ಬಿಟ್ಟು ಹೋಗಿ ಎರಡು ವರ್ಷ. ಇನ್ನೊಬ್ಬಳ ಹೆಸರು ಆಫೀಸಿನ ಗೋಡೆಯ ಪಟ್ಟಿಯಲ್ಲಿದೆ. ಅವಳು ದುರ್ಗದಲ್ಲಿ ಮೇಡಂ ಮಗಳ ಬಾಣಂತನ ಮಾಡುತ್ತಿದ್ದಾಳೆ.

ನೋಡಲು ಬಂದವರಿಗೆ ಮೇಡಂ ಪುಟ್ಟಕ್ಕನ ಹೆಗಲ ಮೇಲೆ ಕೈಯಿಟ್ಟು ಹೇಳುವುದು: "ಇವಳಿಗೆ ದಿನನಿತ್ಯದ ಕೆಲಸದ ತರಬೇತಿ ಕೊಡ್ತಾ ಇದೀವಿ." ಹತ್ತು ವರ್ಷದಿಂದ ತರಬೇತಿ ನಡೆಯುತ್ತಲೇ ಇದೆ.

ಹನ್ನೊಂದು ಜನರಲ್ಲಿ ಶಾಹಿಸ್ತಾ ಅಂದರೆ ಪುಟ್ಟಕ್ಕನಿಗೆ ಜೀವ. ಹತ್ತೊಂಬತ್ತು ವರ್ಷದ ಹುಡುಗಿ. ಕೈಕಾಲು ಸೆಟೆದುಕೊಂಡಿವೆ, ಮಾತಿಲ್ಲ. ಎರಡೇ ಎರಡು ಸದ್ದು ಮಾಡುತ್ತಾಳೆ, ಒಂದು ಖುಷಿಗೆ, ಒಂದು ನೋವಿಗೆ. ತಾಯಿ ಶರೀಫುನ್ನೀಸಾ ತಿಂಗಳಿಗೊಮ್ಮೆ ಹಿರಿಯೂರಿನಿಂದ ಬರುತ್ತಾಳೆ. ಮಗಳನ್ನು ನೋಡಿ, ಆಮೇಲೆ ಪುಟ್ಟಕ್ಕನ ಎರಡೂ ಕೈ ಹಿಡಿದುಕೊಂಡು ಅನ್ನುತ್ತಾಳೆ: "ನೀನಿದ್ದೀಯ ಅಂತ ನಂಗೆ ನಿದ್ದೆ ಬರ್ತೈತೆ ಬೇಟಿ."

ಸಿಮ್ರಾನ್ ಇಲ್ಲೇ ಇದ್ದವಳು. ಒಂದು ಸಂಘದವರು ಹೊಳಲ್ಕೆರೆಯಲ್ಲಿ ಮನೆ ಹಿಡಿದು ಇಂಥ ನಾಲ್ಕು ಹುಡುಗಿಯರನ್ನು ಇಟ್ಟಿದ್ದಾರೆ. ಸಿಮ್ರಾನಳ ಅಮ್ಮ ಜಗಳ ಮಾಡಿ ಮಗಳನ್ನು ಅಲ್ಲಿಗೆ ಸೇರಿಸಿದಳು. ಹಗಲು ಅಡಿಕೆ ಹಾಳೆಯ ತಟ್ಟೆ ಒತ್ತುವ ಕೆಲಸ. ಅಡಿಗೆ ಅವರದೇ. ಬೆಳಿಗ್ಗೆ ಸಂಜೆ ಒಬ್ಬ ಅಕ್ಕ ಬಂದು ನೋಡಿಕೊಂಡು ಹೋಗುತ್ತಾಳೆ. ಅಲ್ಲಿಂದ ಸಿಮ್ರಾನ್ ಒಂದು ದಿನ ಅಡಿಗೆಯ ಉಚ್ಚಂಗೆಮ್ಮನ ಫೋನಿಗೆ ವಿಡಿಯೋ ಕಾಲ್ ಮಾಡಿದಳು.

"ಪುಟ್ಟಿ, ಇಲ್ ನೋಡೇ. ಇದು ಬಚ್ಲು. ಇದು ಚಿಲಕ. ಒಳಗಿಂದ ಐತೆ! ನಾ ಹಾಕ್ಕಂಡ್ರೆ ಯಾರ್ ಬಂದ್ರೂ ತೆಗಿಯಲ್ಲ. ಅಕ್ಕ ಬಂದ್ರೂ ತೆಗಿಯಲ್ಲ."

"ಸ್ನಾನ ಮಾಡ್ವಾಗ?"

"ಸ್ನಾನ ಮಾಡ್ವಾಗ್ಲೇ. ಹಾಡೂ ಹೇಳ್ತೀನಿ. ನೀನೂ ಬಾರೇ. ನಿಂಗೊಂದು ಮಂಚ ಖಾಲಿ ಐತೆ."

ನಿಲಯದ ಬಚ್ಚಲಿಗೆ ಬಾಗಿಲಿಲ್ಲ. ಸುರಕ್ಷತೆಗೆ ಅಂತ ತೆಗೆಸಿದ್ದು. ಟ್ಯಾಂಕರಿನವನು ಪೈಪು ಎಳೆದುಕೊಂಡು ಅಲ್ಲೇ ಹಾದುಹೋಗುತ್ತಾನೆ. ಹತ್ತು ವರ್ಷದಿಂದ ಪುಟ್ಟಕ್ಕ ಎಲ್ಲರ ಸ್ನಾನ ಮುಗಿದ ಮೇಲೆ ಮೈಮೇಲಿನ ನೈಟಿ ಬಿಚ್ಚದೆ, ಅದರ ಮೇಲೇ ನೀರು ಹುಯ್ದುಕೊಳ್ಳುತ್ತಾಳೆ. ಒಳಗಿನ ಚಿಲಕ ಅಂದರೇನೆಂದು ಅವಳಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಅಂದಿನಿಂದ ಅವಳ ತಲೆಯಲ್ಲಿ ಒಂದೇ ಕೂತಿತು. ಹೊಳಲ್ಕೆರೆ.

ಸಂಘದ ರವೀಂದ್ರ ಬಂದದ್ದು ಒಂದು ಸೋಮವಾರ. ಹೊಳಲ್ಕೆರೆಯ ಮನೆ ನೋಡಿಕೊಳ್ಳುವವನು ಅವನೇ. ಸಿಮ್ರಾನ್ ದಿನಾ ಕಾಟ ಕೊಟ್ಟು ಕಳಿಸಿದ್ದಳು, ಅವನು ಬರುವ ದಿನವನ್ನು ಪುಟ್ಟಕ್ಕನಿಗೂ ಫೋನಿನಲ್ಲಿ ಹೇಳಿದ್ದಳು. ಪುಟ್ಟಕ್ಕ ಹಿಂದಿನ ದಿನವೇ ಚೀಲ ತುಂಬಿದ್ದಳು. ಎರಡು ನೈಟಿ, ಒಂದು ಚೂಡಿದಾರ, ಬಾಚಣಿಗೆ, ತಾಯಿಯ ಒಂದು ಫೋಟೋ. ರವೀಂದ್ರನಿಗೆ ಕಾಫಿ ತಂದುಕೊಟ್ಟವಳು ಅವಳೇ. ಅವನ ಕಣ್ಣೆದುರೇ ಶಾಹಿಸ್ತಾಳನ್ನು ಸೊಂಟದ ಮೇಲೆ ಹೊತ್ತು ಜಗಲಿಯಿಂದ ಒಳಗೆ ಕರೆದೊಯ್ದಳು. ಅವನು ನೋಡಿದ.

"ಏನಮ್ಮ, ಹೊಳಲ್ಕೆರೆಗೆ ಬರ್ತೀಯಾ?"

ಪುಟ್ಟಕ್ಕ ಚೀಲ ತೋರಿಸಿದಳು. ಅವನು ನಕ್ಕ. ಒಳ್ಳೆಯ ನಗು.

ಮೇಡಂ ಫೈಲು ತೆಗೆದರು. ರವೀಂದ್ರ ಓದಿದ. ಓದುತ್ತ ಓದುತ್ತ ಅವನ ಮುಖ ಇಳಿಯಿತು.

"ತೊಂಬತ್ತು ಐತಲ್ಲ ಮೇಡಂ."

"ಡಾಕ್ಟ್ರು ನೋಡಿ ಕೊಟ್ಟಿದ್ದು."

"ಹುಡುಗಿ ಕೆಲ್ಸ ಮಾಡ್ತಾಳಲ್ಲ. ನೋಡಿದ್ನಲ್ಲ ನಾನು."

"ಹೇಳಿ ಮಾಡಿಸ್ತೀವಿ ಸಾರ್. ನಾವು ಪಕ್ಕದಲ್ಲಿದ್ರೆ ಮಾಡ್ತಾಳೆ. ಇಲ್ಲಾಂದ್ರೆ ಗ್ಯಾಸ್ ಹಚ್ಚಿ ಮನೆ ಸುಡ್ತಾಳೆ. ಆಮೇಲೆ ಜವಾಬ್ದಾರಿ ನಿಮ್ದು."

ರವೀಂದ್ರ ಫೈಲು ಮುಚ್ಚಿದ. ಅವರ ಮನೆಗೆ ಎಪ್ಪತ್ತೈದರವರೆಗೆ ಮಾತ್ರ. ಎಪ್ಪತ್ತೈದು ಅಂತ ಬರೆದರೆ ನಿಲಯದಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ. ತೊಂಬತ್ತು ಅಂತ ಬರೆದರೆ ಹೊರಗೆ ಕಳಿಸುವ ಹಾಗಿಲ್ಲ. ಮೇಡಂಗೆ ಇದು ಗೊತ್ತಿತ್ತು. ರವೀಂದ್ರನಿಗೂ ಗೊತ್ತಾಯಿತು. ಗೊತ್ತಾದ ಮೇಲೂ ಅವನು ಎದ್ದು ನಿಂತು ಕೈ ಮುಗಿದ. ಕಣ್ಣಲ್ಲಿ ಕಂಡದ್ದನ್ನು ಬಿಟ್ಟು ಕಾಗದದಲ್ಲಿ ಕಂಡದ್ದನ್ನು ಒಪ್ಪಿಕೊಂಡ. ಒಳ್ಳೆಯವರು ಇಷ್ಟರಮಟ್ಟಿಗೆ ಒಳ್ಳೆಯವರು.

"ಕಾಗದ ಸರಿ ಮಾಡಿಸ್ರಿ ಮೇಡಂ, ಮುಂದಿನ ಶಿಬಿರದಾಗೆ. ಆಮೇಲೆ ನೋಡಾಣ."

ಪುಟ್ಟಕ್ಕ ಚೀಲ ಹಿಡಿದು ಅವನ ಬೈಕಿನ ಹಿಂದೆ ನಿಂತಿದ್ದಳು. ಅವನು ಅವಳ ಕಡೆ ತಿರುಗದೆ ಬೈಕು ಹತ್ತಿದ. ಅವಳು ಗೇಟಿನವರೆಗೆ ಓಡಿದಳು. ವಾಚ್‌ಮನ್ ಹಾಲೇಶ್ ಗೇಟು ಹಾಕಿ, "ಎಲ್ಲಿಗವ್ವಾ ಸವಾರಿ? ಬೀಗರ ಮನೆಗಾ?" ಅಂದ. ಗೇಟಿನ ಹೊರಗೆ ಚಹಾ ಕುಡಿಯುತ್ತಿದ್ದ ಇಬ್ಬರು ನಕ್ಕರು.

ಅವಳು ವಾಪಸು ಬಂದು ಕಾಫಿ ಲೋಟ ತೆಗೆದಳು. ಮೇಡಂ ರವೀಂದ್ರನಿಗೆಂದು ತೆಗೆಸಿಕೊಟ್ಟಿದ್ದ ಕಾಗದದ ಜೆರಾಕ್ಸನ್ನು ಅವನು ಲೋಟದ ಕೆಳಗೇ ಬಿಟ್ಟು ಹೋಗಿದ್ದ. ಅದನ್ನು ಮಡಿಸಿ ನೈಟಿಯೊಳಗೆ ಸೇರಿಸಿದಳು.

ಉಚ್ಚಂಗೆಮ್ಮ ಅಡಿಗೆಮನೆಯಲ್ಲಿ ಮುದ್ದೆ ತೊಳಸುತ್ತಿದ್ದಳು. ಜವನಗೊಂಡನಹಳ್ಳಿಯ ಹೆಂಗಸು, ಏಳನೆಯ ಕ್ಲಾಸಿನವರೆಗೆ ಓದಿದವಳು, ನಾಲಗೆಗೆ ಮೂಳೆ ಇಲ್ಲದವಳು.

"ಅವ್ವ, ಇದ್ರಾಗೆ ಏನೈತೆ ಓದು."

ಉಚ್ಚಂಗೆಮ್ಮ ಕೈ ಒರೆಸಿಕೊಂಡು ಕಾಗದವನ್ನು ಬೆಳಕಿಗೆ ಹಿಡಿದಳು.

"ಹೆಸ್ರು, ಪುಟ್ಟಕ್ಕ. ಸ್ನಾನ, ತಾನಾಗಿ ಮಾಡಿಕೊಳ್ಳಲಾರಳು. ಊಟ, ತಿನ್ನಿಸಬೇಕು. ಬಟ್ಟೆ, ತೊಡಿಸಬೇಕು. ಮಲ ಮೂತ್ರದ ತಿಳಿವಳಿಕೆ, ಇಲ್ಲ." ಉಚ್ಚಂಗೆಮ್ಮನಿಗೆ ನಗು ತಡೆಯಲಾಗಲಿಲ್ಲ. "ಅಯ್ಯೋ ನನ್ ತಾಯಿ! ಹಂಗಾರೆ ನಾ ದಿನಾ ನಿಂಗೆ ತುತ್ತು ಮಾಡಿ ಬಾಯಿಗಿಡ್ಬೇಕಿತ್ತಲ್ಲೇ. ಹತ್ ವರ್ಷದ್ ಬಾಕಿ ಐತೆ ನೋಡು, ಬಾ ಕುಂತ್ಕ."

ಪುಟ್ಟಕ್ಕ ನಗಲಿಲ್ಲ.

"ಇನ್ನೊಂದ್ ಸಲ ಓದು."

ಓದಿದಳು. ಇನ್ನೊಂದು ಸಲ ಅಂದಳು. ಮತ್ತೆ ಓದಿದಳು. ಮೂರನೆಯ ಸಲ ಓದುವಾಗ ಉಚ್ಚಂಗೆಮ್ಮನ ನಗು ಹೋಗಿತ್ತು.

"ಶಾಹಿಸ್ತಾಳ ಕಾಗದಾನಾ ಇದು?"

"ನಿಂದೇ ಕಣೇ. ಫೋಟೋ ಐತಲ್ಲ."

"ಹಂಗಾರೆ ಸುಳ್ಳು."

"ಡಾಕ್ಟ್ರ ಸಹಿ ಐತೆ, ಮೇಡಂ ಸಹಿ ಐತೆ, ಮೊಹರು ಬಿದ್ದೈತೆ. ಇಷ್ಟು ಬಿದ್ಮ್ಯಾಗೆ ಅದ್ನ ಸುಳ್ಳು ಅನ್ನಾಕೆ ನಮ್ಮಂಥೋರಿಗೆ ಆಗಲ್ಲ ಕಣವ್ವ. ತೊಂಬತ್ತು ಅಂತ ಇರೋವರ್ಗೂ ನಿನ್ನ ಹೊರಗೆ ಕಳಿಸಂಗಿಲ್ಲ."

ಪುಟ್ಟಕ್ಕ ಕಾಗದ ತೆಗೆದುಕೊಂಡು ಆಫೀಸಿಗೆ ಹೋದಳು. ಹೊಸ್ತಿಲ ಹೊರಗೆ ನಿಲ್ಲಬೇಕೆಂಬುದು ನಿಯಮ. ನಿಂತಳು. ಮೇಡಂ ಫೋನಿನಲ್ಲಿ ಮೊಮ್ಮಗುವಿನ ಅಳು ಕೇಳಿಸಿಕೊಳ್ಳುತ್ತಿದ್ದರು. ಮುಗಿಯುವವರೆಗೆ ನಿಂತಳು.

"ಮೇಡಂ. ನಂಗೆ ಸ್ನಾನ ಬರ್ತೈತೆ. ಬರ್ರಿ, ನೋಡ್ರಿ."

"ಏನ್ಲೇ ಅದು?"

"ಇದು ತಪ್ಪೈತೆ. ಬೇರೆ ಬರೀರಿ. ನಾ ಹೊಳಲ್ಕೆರೆಗೆ ಹೋಗ್ತೀನಿ."

ಮೇಡಂ ಕನ್ನಡಕ ತೆಗೆದರು. ಅವರು ಕಿರುಚುವ ಹೆಂಗಸಲ್ಲ. ಕಿರುಚುವವರ ಎದುರು ಅಳಬಹುದು, ಇವರೆದುರು ಅದೂ ಆಗುವುದಿಲ್ಲ.

"ಕೇಳಿಲ್ಲಿ. ಸಿಮ್ರಾನ್‌ಗೆ ಅಮ್ಮ ಅವಳೆ. ನಿಂಗ್ಯಾರವ್ರೆ? ಸಣ್ಣಪ್ಪ ಹತ್ ವರ್ಷದಾಗೆ ಒಂದ್ ಸಲ ಬಂದ್ನಾ? ಆ ಸಂಘದೋರು ನಾಳೆ ಬಾಗ್ಲು ಹಾಕ್ಕಂಡ್ ಹೋದ್ರೆ ನೀನು ಬಸ್ ಸ್ಟ್ಯಾಂಡಿನಾಗೆ ಇರ್ತೀಯ. ಅಲ್ಲಿ ಏನೇನಾಗ್ತೈತೆ ಗೊತ್ತೈತಾ ನಿಂಗೆ? ಇಲ್ಲಿ ನಿಂಗೆ ಅನ್ನ ಐತೆ, ಸೂರೈತೆ. ಆಯಾ ಕೊಡಿ ಅಂತ ನಾನೂ ಆರ್ ಸಲ ಬರ್ದೀನಿ, ಯಾರೂ ಕೊಟ್ಟಿಲ್ಲ. ನೀನ್ ಹೋದ್ರೆ ಶಾಹಿಸ್ತಾನ ಯಾರು ನೋಡ್ತಾರೆ? ಹುಣ್ಣಾಗಿ ಸಾಯ್ತಾಳೆ ಅವ್ಳು. ಅವಳಮ್ಮ ನಿನ್ ಕೈ ಹಿಡ್ಕಂಡು ಏನಂತಾಳೆ? ಮರ್ತು ಹೋಯ್ತಾ?"

ಇದರಲ್ಲಿ ಸುಳ್ಳು ಬಹಳ ಇರಲಿಲ್ಲ. ಪುಟ್ಟಕ್ಕ ಕಾಗದವನ್ನು ಹೊಸ್ತಿಲಾಚೆಗೆ ಚಾಚಿದಳು. ಹೊಳೆದದ್ದು ಒಂದೇ, ಅದನ್ನೇ ಮತ್ತೆ ಹೇಳಿದಳು.

"ಕಾಗದ ತಪ್ಪೈತೆ ಮೇಡಂ."

"ಸರ್ಕಾರದ ಕಾಗದ ತಪ್ಪಾಗಲ್ಲ."

"ತಪ್ಪಲ್ವಾ?"

"ತಪ್ಪಲ್ಲ. ಅದ್ರಾಗೆ ಬರ್ದಂಗೇ ಎಲ್ಲಾ. ಹೋಗು, ಬಟ್ಟೆ ಒಣಗಿರ್ತವೆ ತೆಗಿ."

ಪುಟ್ಟಕ್ಕ ಬಟ್ಟೆ ತೆಗೆದಳು. ಮಡಿಸಿದಳು. ಮಡಿಸುತ್ತ ಯೋಚಿಸಿದಳು. ಅವಳ ಯೋಚನೆ ನಿಧಾನ, ಆದರೆ ಹಿಡಿದದ್ದನ್ನು ನಡುವೆ ಬಿಡುವುದಿಲ್ಲ.

ಮರುದಿನ ಬೆಳಿಗ್ಗೆ ಹಂಡೆಗೆ ಉರಿ ಬೀಳಲಿಲ್ಲ. ಉಚ್ಚಂಗೆಮ್ಮ ಬಂದು ನೋಡಿ ಬೈದುಕೊಂಡು ತಾನೇ ಸೌದೆ ಹಾಕಿದಳು. ನಡೆಯುವ ಹುಡುಗಿಯರು ಅಭ್ಯಾಸದ ಮೇಲೆ ತಾವೇ ಬಂದು ಕುಳಿತರು. ಉಳಿದವರನ್ನು ಉಚ್ಚಂಗೆಮ್ಮ, ಹಾಲೇಶ್ ಸೇರಿ ಎತ್ತಿ ತಂದರು. ಹಾಲೇಶ್ ಮುಖ ತಿರುಗಿಸಿಕೊಂಡೇ ಎತ್ತಿದ, ಇಳಿಸಿದ, ಓಡಿದ. ಹನ್ನೊಂದು ಜನ ಸಾಲಾಗಿ ಕುಳಿತಾಗ ಪುಟ್ಟಕ್ಕ ಬಂದಳು. ಸಾಲಿನ ಕೊನೆಗೆ ಹೋಗಿ, ಗೋಡೆಗೆ ಬೆನ್ನು ಕೊಟ್ಟು, ಕಾಲು ಚಾಚಿ ಕುಳಿತಳು.

"ಲೇ, ಏನಾಟ ಇದು? ಏಳೇ. ನೀರು ಕಾದೈತೆ."

"ನಂಗೂ ಸ್ನಾನ ಮಾಡ್ಸು."

"ಏನು?"

"ನಂಗೆ ಬರಲ್ಲ. ಕಾಗದದಾಗೈತೆ."

ಉಚ್ಚಂಗೆಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಗುವೋ ಅಳುವೋ ಹೇಳುವ ಹಾಗಿರಲಿಲ್ಲ. "ಶಿವನೇ," ಅಂದು ಮೇಡಮ್ಮನ್ನು ಕರೆಯಲು ಹೋದಳು.

ಮೇಡಂ ಬಂದರು. ಮೊದಲು ನಯವಾಗಿ ಹೇಳಿದರು. ಆಮೇಲೆ ಗದರಿದರು.

"ಏಳ್ತೀಯೋ ಇಲ್ವೋ? ಇವತ್ತು ಊಟ ಇಲ್ಲ ನಿಂಗೆ."

"ಊಟ ತಿನ್ನಿಸ್ಬೇಕು ನಂಗೆ. ಅದೂ ಬರ್ದೈತೆ."

"ಕೊಬ್ಬು! ಸಣ್ಣಪ್ಪನ್ನ ಕರೆಸಿ ಅವ್ನ ಹಿಂದೆ ಕಳಿಸ್ತೀನಿ ನಿನ್ನ."

"ತೊಂಬತ್ ಐತೆ ಮೇಡಂ. ಕಳಿಸಂಗಿಲ್ಲ."

ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಯಾಕೆ ಅಂತ ತಿಳಿದು ನಕ್ಕದ್ದೋ, ಸುಮ್ಮನೆ ನಕ್ಕದ್ದೋ. ಮೇಡಂ ಕೈ ಎತ್ತಿ ಹೊಡೆದರು. ಕೆನ್ನೆಗೆ ಬಿತ್ತು. ಹತ್ತು ವರ್ಷದಲ್ಲಿ ಅವರು ಹೊಡೆದದ್ದು ಅದೇ ಮೊದಲು, ಹೊಡೆಯುವ ಅಗತ್ಯ ಬಿದ್ದಿರಲಿಲ್ಲ. ಪುಟ್ಟಕ್ಕನ ಕಣ್ಣಲ್ಲಿ ನೀರು ಬಂತು. ಏಳಲಿಲ್ಲ.

ಅಷ್ಟರಲ್ಲಿ ಶಾಹಿಸ್ತಾ ಸದ್ದು ಮಾಡಿದಳು. ನೋವಿನದು. ರಾತ್ರಿಯೇ ಹೊಟ್ಟೆ ಕೆಟ್ಟಿತ್ತು. ತೊಡೆಯವರೆಗೆ ಮೆತ್ತಿಕೊಂಡು ಒಣಗಿತ್ತು, ಚರ್ಮ ಎಳೆಯುತ್ತಿತ್ತು. ಎಲ್ಲಿ ಎಷ್ಟು ಉರಿಯುತ್ತಿದೆ ಎಂದು ಪುಟ್ಟಕ್ಕನಿಗೆ ಆ ಸದ್ದಿನಿಂದಲೇ ಗೊತ್ತಾಯಿತು. ಅವಳ ಕೈ ತಾನಾಗಿ ಚೊಂಬಿನ ಕಡೆ ಹೋಯಿತು. ಅವಳು ಆ ಕೈಯನ್ನು ಎಳೆದುಕೊಂಡು ತೊಡೆಯ ಕೆಳಗೆ ಅದುಮಿದಳು. ಇನ್ನೊಂದನ್ನೂ ಅದುಮಿದಳು. ಎರಡೂ ಕೈಗಳ ಮೇಲೆ ಕುಳಿತು ಹಲ್ಲು ಕಚ್ಚಿದಳು.

ಮೇಡಂ ಅದನ್ನು ಕಂಡರು. "ನೋಡು, ನೋಡು ಹೆಂಗ್ ಅಳ್ತಾಳೆ. ಯಾರಿಂದ ಇದು? ನಿನ್ನಿಂದ. ಇಂಥಾ ಕಲ್ಲೆದೆ ಅಂತ ತಿಳ್ಕಂಡಿರ್ಲಿಲ್ಲ ನಾನು."

"ನೀವು ತೊಳೀರಿ," ಪುಟ್ಟಕ್ಕ ಅಂದಳು. "ನಾವೇ ಮಾಡಿಸ್ತೀವಿ ಅಂದ್ರಲ್ಲ, ಡಾಕ್ಟ್ರಿಗೆ."

ಉಚ್ಚಂಗೆಮ್ಮ ಮುಂದಕ್ಕೆ ಹೆಜ್ಜೆ ಇಟ್ಟವಳು ಮೇಡಂ ಮುಖ ನೋಡಿ, ಪುಟ್ಟಕ್ಕನ ಮುಖ ನೋಡಿ, ಹೆಜ್ಜೆ ಹಿಂದಕ್ಕೆ ತೆಗೆದಳು.

"ಒಲೆ ಮ್ಯಾಲೆ ಎಸರಿಟ್ಟೀನಿ ಮೇಡಂ," ಅಂದಳು. ಹೋಗಲೂ ಇಲ್ಲ, ಬಾಗಿಲಿಲ್ಲದ ಬಾಗಿಲಲ್ಲಿ ನಿಂತಳು.

ಶಾಹಿಸ್ತಾಳ ಕೂಗು ಏರಿತು. ಮೇಡಂ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದರು. ಬಳೆ ಮೇಲೆ ಸರಿಸಿದರು. ಮೂಗು ಮುಚ್ಚಿಕೊಳ್ಳಲು ಕೈ ಸಾಲಲಿಲ್ಲ. ಒಂದರಲ್ಲಿ ಚೊಂಬು, ಇನ್ನೊಂದರಲ್ಲಿ ಶಾಹಿಸ್ತಾಳ ತೋಳು. ನೀರನ್ನು ನೇರ ನೆತ್ತಿಗೆ ಸುರಿದರು. ಹುಡುಗಿ ಬಿಲ್ಲಿನ ಹಾಗೆ ಸೆಟೆದು ಹಿಂದಕ್ಕೆ ಬಿದ್ದಳು. ಉಸಿರು ಸಿಕ್ಕಿಕೊಂಡಿತು.

"ತಲೆಗೆ ಬ್ಯಾಡ!" ಪುಟ್ಟಕ್ಕ ಕೂಗಿದಳು. "ಕಾಲಿಂದ ಹಾಕ್ರಿ. ಕಾಲು, ಮಂಡಿ, ಆಮ್ಯಾಲೆ ಹೊಟ್ಟೆ. ಹಾಕಾಕ್ ಮುಂಚೆ ಹೆಸ್ರು ಕರೀರಿ. ಕತ್ತಿನ ಹಿಂದೆ ಕೈ ಕೊಡ್ರಿ. ಅಲ್ಲಲ್ಲ, ಎಡಗೈ. ತಲೆಗೆ ಕೊನೇಗೆ, ಕೈ ಅಡ್ಡ ಹಿಡ್ದು."

ಇಷ್ಟು ಮಾತು ಒಟ್ಟಿಗೆ ಅವಳ ಬಾಯಿಂದ ಬಂದದ್ದನ್ನು ಆ ನಿಲಯದಲ್ಲಿ ಯಾರೂ ಕೇಳಿರಲಿಲ್ಲ. ಮೇಡಂ ಎಡಗೈ ಕೊಟ್ಟರು. ಕಾಲಿಗೆ ನೀರು ಹಾಕಿದರು. "ಶಾಹಿಸ್ತಾ," ಎಂದು ಕರೆದರು. ಎರಡು ಸಲ ಕರೆದ ಮೇಲೆ ಸೆಟೆದದ್ದು ಸಡಿಲವಾಯಿತು. ಹುಡುಗಿ ಉಸಿರು ಬಿಟ್ಟಳು. ತೊಳೆದ ನೀರು ಮೇಡಂ ಸೀರೆಯ ನೆರಿಗೆ ತೋಯಿಸಿಕೊಂಡು ಮೋರಿಗೆ ಹರಿಯಿತು.

ಮೇಡಂ ಸೊಂಟ ಹಿಡಿದುಕೊಂಡು ಎದ್ದರು. ಸಾಲಿನ ಉದ್ದಕ್ಕೆ ನೋಡಿದರು. ದನಿ ಇಳಿಸಿದರು.

"ಎಷ್ಟ್ ಚೆನ್ನಾಗಿ ಗೊತ್ತೈತೆ ನೋಡು ನಿಂಗೆ. ಏಳು ಬಂಗಾರ. ಇವತ್ತೊಂದಿನ. ಡಾಕ್ಟ್ರಿಗೆ ನಾನೇ ಫೋನ್ ಮಾಡ್ತೀನಿ, ಆಣೆ. ತಗೋ."

ಚೊಂಬನ್ನು ಅವಳ ಮುಂದೆ ಹಿಡಿದರು. ಅದರ ಅಂಚಿನಿಂದ ನೀರು ಪುಟ್ಟಕ್ಕನ ಪಾದಕ್ಕೆ ತೊಟ್ಟಿಕ್ಕಿತು.

ಪುಟ್ಟಕ್ಕ ಕೈ ಹೊರಗೆ ತೆಗೆಯಲಿಲ್ಲ.

"ಇಲ್ಲ ಮೇಡಂ. ನಾ ಮುಟ್ಟಲ್ಲ. ಇನ್ನೂ ಇಷ್ಟ್ ಜನ ಅವ್ರೆ, ಮಾಡಿಸ್ರಿ. ಕೊನೇಗೆ ನಂಗೆ."